ಗಾಳಿಯಲ್ಲಿ ನಿಂತ ಅಪ್ಪ

ಕಳೆದ ಭಾನುವಾರ ಸಂಜೆ ನನ್ನ ಮಗಳು ಶಾಲೆಯವರು ಕೊಟ್ಟ ಟ್ಯಾಬನ್ನು ನನ್ನ ಮೂಗಿಗೆ ಹಿಡಿದು, "ಅಪ್ಪಾ, ಇದನ್ನ ತೆಗಿ" ಎಂದಳು. ನೋಡಿದರೆ ಕೆಂಪು ಪುಟ, ನಡುವೆ ಬಿಳಿ ಅಂಗೈ, ಕೆಳಗೆ 'ಈ ಪುಟಕ್ಕೆ ಅನುಮತಿ ಇಲ್ಲ' ಎಂಬ ಮಾತು. ಬೇರೆ ಅಪ್ಪಂದಿರಿಗೆ ಸಿಟ್ಟು ಬರುತ್ತಿತ್ತೇನೋ. ನನಗೆ ಹಳೆಯ ಸಹಪಾಠಿ ಸಿಕ್ಕಷ್ಟು ಖುಷಿಯಾಯಿತು. ಒಂಬತ್ತನೇ ಕ್ಲಾಸಿನ ಮುಕ್ಕಾಲು ಭಾಗವನ್ನು ಈ ಅಂಗೈ ಎದುರೇ ಕಳೆದವನು ನಾನು. "ಬಾ, ಒಂದು ಕಥೆ ಹೇಳ್ತೀನಿ" ಎಂದು ಜಗಲಿ ಮೇಲೆ ಕೂರಿಸಿಕೊಂಡೆ. ಅವಳಿಗೆ ಬೇಕಿದ್ದದ್ದು ಕಥೆಯಲ್ಲ. ಆದರೆ ಕಥೆ ಹೇಳಲು ಹೊರಟ ಅಪ್ಪಂದಿರು ಅದನ್ನೆಲ್ಲ ಎಲ್ಲಿ ಕೇಳುತ್ತಾರೆ? ನೀವೂ ಕೂತುಕೊಳ್ಳಿ.

ನಮ್ಮೂರು ಆಂಧ್ರದ ಗಡಿಗೆ ಅಂಟಿಕೊಂಡ ನಂಗಲಿಯ ಪಕ್ಕ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಆಗ ಊರಿನಲ್ಲಿ ನಾಟಕದ ಹುಚ್ಚು. ಶ್ರೀನಿವಾಸಪುರದ ಕಡೆಯಿಂದ ಬಂದ ಹಾರ್ಮೋನಿಯಂ ಮೇಷ್ಟ್ರು ತಾವೇ ಕಟ್ಟಿದ ಒಂದು ನಾಟಕದಲ್ಲಿ ನಮ್ಮಪ್ಪ ರಾಜ, ಹಾಲಿನ ಡೈರಿಯ ಸೆಕ್ರೆಟರಿ ಚಲಪತಿ ಶತ್ರುರಾಜ. ಇಬ್ಬರೂ ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ಚಲಪತಿ ನಮ್ಮಪ್ಪನನ್ನು ಅಣ್ಣಾ ಎಂದೇ ಕರೆಯುತ್ತಿದ್ದದ್ದು.

ಕೊನೆಯ ಯುದ್ಧದಲ್ಲಿ ಅಪ್ಪ ಗದೆ ತಿರುಗಿಸುತ್ತಾ ಹಿಂದೆ ಹಿಂದೆ ಹೆಜ್ಜೆಯಿಟ್ಟು ರಂಗದ ಅಂಚಿಗೆ ಬಂದ. ಅಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ಅಪ್ಪ ಕೆಳಗೆ, ಹೆಂಗಸರ ಚಾಪೆಯ ಮೇಲೆ, ಕಿರೀಟ ಸರಿಮಾಡಿಕೊಳ್ಳುತ್ತಾ ಕೂತಿದ್ದ. "ನಾನು ಹಾರಿದೆ. ಎರಡು ಕಾಲ ಮೇಲೇ ಇಳಿದೆ. ಆಮೇಲೆ ಸುಸ್ತಾಗಿ ಕೂತ್ಕೊಂಡೆ" ಎಂದು ಅಪ್ಪ. "ಅಂಗಾತ ಬಿದ್ದ" ಎಂದು ಚಲಪತಿ. ಅದನ್ನು ಒಮ್ಮೆ ಹೇಳಿ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ದಿನಾ ಬೆಳಗ್ಗೆ ಹಾಲು ಅಳೆಯುತ್ತಾ ಸಾಲಿನಲ್ಲಿ ನಿಂತವರಿಗೆಲ್ಲ ಬಿದ್ದ ಭಂಗಿ ಸಮೇತ ತೋರಿಸುತ್ತಿದ್ದ. ಅಪ್ಪ ಮಾತು ಬಿಟ್ಟ. ಡೈರಿಯನ್ನೂ ಬಿಟ್ಟ. ಎರಡು ಹೊತ್ತೂ ಹಾಲಿನ ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡು ಪಕ್ಕದೂರಿನ ಡೈರಿಗೆ ಹೋಗತೊಡಗಿದ. ದಾರಿಯ ಗುಂಡಿಗಳಿಗೆ ಅರ್ಧ ಹಾಲು ಮಜ್ಜಿಗೆಯಾಗುತ್ತದೆ ಎಂದು ಅಮ್ಮ ಗೊಣಗುತ್ತಿದ್ದಳು. ಚಲಪತಿ ಮಾವನಿಲ್ಲದ ಹಬ್ಬಗಳು ನನಗೆ ಸಪ್ಪೆ ಎನಿಸುತ್ತಿದ್ದವು.

ಆಗಲೇ ಸುದ್ದಿ ಬಂತು. ನಂಗಲಿಯ ಒಬ್ಬ ಲಾರಿ ಕ್ಲೀನರು ಆ ದೃಶ್ಯವನ್ನು ಫೋನಿನಲ್ಲಿ ಹಿಡಿದು 'ನಮ್ಮೂರ ನಾಟಕ ಸೂಪರ್ ಸೀನ್' ಎಂದು ಹೆಸರಿಟ್ಟು ಇಂಟರ್ನೆಟ್ಟಿಗೆ ಹಾಕಿದ್ದಾನಂತೆ! ನಮ್ಮ ಮನೆಗಳ ಫೋನುಗಳು ಮಾತಿಗೆ ಮತ್ತು ಟಾರ್ಚಿಗೆ ಮಾತ್ರ. ಮುಳಬಾಗಿಲಿನ ಸೈಬರ್ ಅಂಗಡಿಗೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಯೂನಿಫಾರಮ್ಮಿನವರನ್ನು ಅಲ್ಲಿ ಬಿಡುತ್ತಿರಲಿಲ್ಲ. ಅಪ್ಪಂದಿರು ಹೋಗುವ ಹಾಗಿಲ್ಲ. ಹೋದರೆ ತಮಗೇ ಅನುಮಾನವಿದೆ ಎಂದು ಒಪ್ಪಿಕೊಂಡಂತೆ. ಉಳಿದದ್ದು ನಮ್ಮ ಶಾಲೆಯ ಕಂಪ್ಯೂಟರ್ ರೂಮು ಒಂದೇ.

ಆ ರೂಮಿಗೆ ಚಪ್ಪಲಿ ಬಿಟ್ಟು, ಕಾಲು ತೊಳೆದು ಹೋಗಬೇಕು. ಆಯುಧಪೂಜೆಯ ಕುಂಕುಮ ಮುಂದಿನ ಆಯುಧಪೂಜೆಯವರೆಗೂ ಮಾನಿಟರುಗಳ ಮೇಲಿರುತ್ತಿತ್ತು. ಕೋಲಾರದಿಂದ ಬಂದ ಟೆಕ್ನೀಷಿಯನ್ ಫಿಲ್ಟರು ಹಾಕಿ ಹೋಗಿದ್ದ. ವಿಡಿಯೋ ಎಂದರೆ ಸಾಕು, ಅಂಗೈ.

ನನ್ನ ಪಾಲುದಾರಳು ಯಾರೆಂದುಕೊಂಡಿರಿ? ಚಲಪತಿಯ ಮಗಳು ಸುಗುಣ. "ನಿಮ್ಮಪ್ಪ ಬಿದ್ದಿದ್ದು ನಾನು ತೋರಿಸ್ತೀನಿ ಕಣೋ" ಎಂದು ಅವಳು, "ಹಾರಿದ್ದು ನಾನು ತೋರಿಸ್ತೀನಿ ಕಣೇ" ಎಂದು ನಾನು, ಒಂದೇ ಕೀಬೋರ್ಡಿಗೆ ನಾಲ್ಕು ಕೈ. ಮೊದಲು ಫಿಲ್ಟರಿಗೆ ತೆಲುಗು ಬರಲಿಕ್ಕಿಲ್ಲ ಎಂದು ಬಸ್ಸಿನ ಬೋರ್ಡು ನೋಡಿ ಕಲಿತ ಅಕ್ಷರಗಳಲ್ಲಿ ಹುಡುಕಿದೆವು. ಅದಕ್ಕೂ ಬರುತ್ತಿತ್ತು. ಆಮೇಲೆ ಅದು ಮಕ್ಕಳನ್ನಷ್ಟೇ ತಡೆಯುತ್ತದೆ ಎಂದು ಕ್ಲಾಸಿನವರು ತೀರ್ಮಾನಿಸಿದರು. ಸುಗುಣ ಹೆಡ್‌ಮಾಸ್ಟರ ಕುರ್ಚಿಯನ್ನೇ ತಂದು ಹಾಕಿಕೊಂಡು ಕೂತಳು. ನಾನು ಹೆಡ್‌ಮಾಸ್ಟರ ಹಾಗೆ ಕೆಮ್ಮಿದೆ. ನಗಬೇಡಿ, ಆಗ ಅದು ನಮಗೆ ವಿಜ್ಞಾನವಾಗಿ ಕಾಣುತ್ತಿತ್ತು.

ಕೊನೆಗೆ ಮಾಲೂರಿನಲ್ಲಿದ್ದ ಸುಗುಣಳ ದೊಡ್ಡಮ್ಮನ ಮಗ ಒಂದು ವಿಳಾಸ ಕೊಟ್ಟ. ಅದರ ಮೂಲಕ ಹೋದರೆ ನಾವು ಬೇರೆ ದೇಶದವರೆಂದು ಕಂಪ್ಯೂಟರು ನಂಬುತ್ತದಂತೆ. ಹೋದೆವು. ಹಾಲೆಂಡಿನವರಾದೆವು. ಮೊದಲು ಕಾಣಿಸಿದ್ದು ಒಂದು ಹಸುವಿನ ಜಾಹೀರಾತು. ಅದು ದಿನಕ್ಕೆ ಎಷ್ಟು ಲೀಟರ್ ಕೊಡಬಹುದು ಎಂಬ ಚರ್ಚೆಯಲ್ಲಿ ಒಂದು ಪೀರಿಯಡ್ಡು ಕಳೆಯಿತು. ಮರುದಿನ ಪುಟ ತೆರೆಯಿತು. ವಿಡಿಯೋ ಓಡಲಿಲ್ಲ, ಅದರ ಮುಖಚಿತ್ರ ಮಾತ್ರ ಬಂತು. ಅದರಲ್ಲಿ ಅಪ್ಪ ಗಾಳಿಯಲ್ಲಿದ್ದ. ರಂಗದ ಮೇಲೂ ಇಲ್ಲ, ಚಾಪೆಯ ಮೇಲೂ ಇಲ್ಲ; ಕಿರೀಟ ತಲೆಯಿಂದ ಗೇಣು ಮೇಲೆ.

ಅಷ್ಟರಲ್ಲಿ ಕಂಪ್ಯೂಟರ್ ಕಲಿಸುವ ಗಂಗಿರೆಡ್ಡಿ ಮೇಷ್ಟ್ರು ಹಿಂದೆ ನಿಂತಿದ್ದರು. ವಿಷಯ ಹೆಡ್‌ಮಾಸ್ಟರಿಗೆ ಹೋಯಿತು. ಇಬ್ಬರ ಅಪ್ಪಂದಿರಿಗೂ ಕರೆ ಬಂತು. ಇಬ್ಬರೂ ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಬ್ಬರ ಮುಖ ಒಬ್ಬರು ನೋಡದೆ ಪರದೆಯ ಮುಂದೆ ನಿಂತರು. ಅಪ್ಪ ತನ್ನ ವೇಷವನ್ನು ಹೊರಗಿನಿಂದ ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದ.

"ನೋಡಿ ಸಾರ್, ಗದೆ ಕೈಲೇ ಐತೆ. ಬೀಳೋನು ಗದೆ ಹಿಡ್ಕಂಡಿರ್ತಾನಾ?" ಎಂದ.

"ಇನ್ನೊಂದು ಚೂರು ಮುಂದಕ್ಕೆ ಓಡಿಸಿ ಸಾರ್, ಗದೆ ಎಲ್ಲಿಗೋಯ್ತು ಅಂತ ಗೊತ್ತಾಗ್ತದೆ" ಎಂದ ಚಲಪತಿ.

ಹೆಡ್‌ಮಾಸ್ಟರು ನಮ್ಮ ಶಿಕ್ಷೆಯನ್ನು ಮರೆತರು. "ರೀ ಗಂಗಿರೆಡ್ಡಿ, ತೆಗೀರಿ ಆ ಫಿಲ್ಟರ್ನ!" ಎಂದರು. ಪಾಸ್‌ವರ್ಡು ತಮಗೂ ಗೊತ್ತಿಲ್ಲ, ಕೋಲಾರದವನ ಹತ್ತಿರವೇ ಉಳಿದಿದೆ ಎಂಬ ಗುಟ್ಟನ್ನು ಮೇಷ್ಟ್ರು ಅಂದು ಹೊರಹಾಕಬೇಕಾಯಿತು. ಕೋಲಾರದವನ ಫೋನು ಸ್ವಿಚ್ ಆಫ್. ಕೊನೆಗೆ ಆ ಚಿತ್ರವನ್ನೇ ಪ್ರಿಂಟು ತೆಗೆದುಕೊಟ್ಟರು. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಜಗಲಿಯ ಗೋಡೆಗೆ ಹೊಡೆದ. ಆಮೇಲೆ ಫೋನುಗಳು ದೊಡ್ಡವಾದವು, ಮನೆಮನೆಗೆ ಇಂಟರ್ನೆಟ್ ಬಂತು. ಅಷ್ಟರಲ್ಲಿ ಊರು ಆ ವಿಡಿಯೋವನ್ನು ಮರೆತಿತ್ತು, ನಾನೂ ಹುಡುಕಲಿಲ್ಲ. ಗಾಳಿಯಲ್ಲಿ ಅಷ್ಟು ಚೆನ್ನಾಗಿರುವ ಅಪ್ಪನನ್ನು ನನ್ನ ಕೈಯಾರೆ ನೆಲಕ್ಕೆ ಬೀಳಿಸಲು ಮನಸ್ಸಾಗಲಿಲ್ಲ. ಅಪ್ಪ ಇವತ್ತಿಗೂ ಪಕ್ಕದೂರಿಗೇ ಹಾಲು ಹಾಕುತ್ತಾನೆ.

ಇಷ್ಟು ಹೇಳಿ ತಿರುಗಿದರೆ ಮಗಳು ಪಕ್ಕದಲ್ಲಿಲ್ಲ. ಮೆಟ್ಟಿಲ ಮೇಲೆ ಕೂತು, ನಮ್ಮಪ್ಪನ ಫೋನು ಹಿಡಿದು, "ನಮ್ಮೂರ ನಾಟಕ ಸೂಪರ್ ಸೀನ್" ಎಂದು ಅದಕ್ಕೆ ಬಾಯಲ್ಲೇ ಅಪ್ಪಣೆ ಕೊಡುತ್ತಿದ್ದಳು. ಫಿಲ್ಟರು ದಾಟಲು ಅವಳಿಗೆ ಹಾಲೆಂಡು ಬೇಕಾಗಲಿಲ್ಲ. ತಾತನ ಫೋನು ಸಾಕಾಯಿತು. ಕಿತ್ತುಕೊಳ್ಳಲು ಎದ್ದೆ. ಅಷ್ಟರಲ್ಲಿ ಅಪ್ಪ ಹಾಲಿನ ಕ್ಯಾನು ಹಿಡಿದು ಕೊಟ್ಟಿಗೆಯಿಂದ ಬಂದ.

"ತಾತ ಬೀಳ್ತಾನೇ ಇಲ್ಲಪ್ಪ" ಎಂದಳು ಮಗಳು. "ಮೇಲಿದ್ದಾನೆ, ಆಮೇಲೆ ಎಲ್ಲಾ ಕಪ್ಪು."

ಕಪ್ಪಲ್ಲದೆ ಇನ್ನೇನು! ಕರೆಂಟು ಹೋದದ್ದು ಫೋನಿಗೂ ಹೋದಂತೆಯೇ ಅಲ್ಲವೇ? ಒಂದು ಕ್ಲಾಸು, ಇಬ್ಬರು ಮೇಷ್ಟ್ರು, ಒಂದಿಡೀ ಊರು, ಯಾರಿಗೂ ಇದು ಹೊಳೆದಿರಲಿಲ್ಲ. ದೊಡ್ಡವರು ಯಾರೇ ಆಗಿದ್ದರೂ ಕಪ್ಪಾದ ಕೂಡಲೇ ನಿಲ್ಲಿಸುತ್ತಿದ್ದರು. ಅವಳು ನಿಲ್ಲಿಸಲಿಲ್ಲ. ಕತ್ತಲೆಯೊಳಗಿಂದ ಒಂದು ಗಂಟಲು ಕಿರುಚಿತು: "ಅನ್ನಾ! ಅನ್ನಾ, ದೆಬ್ಬ ತಗಿಲಿಂದಾ? ಎವರನ್ನಾ ಲೈಟು ತೀಸುಕುರಂಡ್ರಾ!"

ಅಣ್ಣಾ, ಪೆಟ್ಟಾಯಿತಾ, ಯಾರಾದರೂ ಲೈಟು ತನ್ನಿ. ಶತ್ರುರಾಜ ನಾಟಕದ ಕನ್ನಡ ಬಿಟ್ಟು, ಮನೆಯ ತೆಲುಗಿನಲ್ಲಿ, ಅಳುವ ದನಿಯಲ್ಲಿ ಕೂಗುತ್ತಿದ್ದ.

"ಇನ್ನೊಂದ್ಸಲ ಹಾಕಮ್ಮ" ಎಂದ ಅಪ್ಪ. ಅವಳು ಹಾಕಿದಳು. ಅಪ್ಪ ಕ್ಯಾನನ್ನು ಸೈಕಲ್ಲಿಗೆ ಕಟ್ಟಿದ. ಪಕ್ಕದೂರಿನ ದಾರಿಗೆ ಮುಖಮಾಡಿ ನಿಂತಿದ್ದ ಸೈಕಲ್ಲನ್ನು ಹಿಡಿದು ಸ್ವಲ್ಪ ಹೊತ್ತು ನಿಂತ. ಆಮೇಲೆ ಹ್ಯಾಂಡಲ್ ತಿರುಗಿಸಿ, ತಳ್ಳಿಕೊಂಡು, ನಮ್ಮ ಬೀದಿಯ ಕೊನೆಗಿರುವ ಡೈರಿಯ ಕಡೆ ಹೊರಟ.

ನಾವಿಬ್ಬರೂ ಉಸಿರು ಬಿಗಿಹಿಡಿದು ಕೇಳುತ್ತಾ ಕೂತೆವು. ಮೊದಲು ಕ್ಯಾನು ಕೆಳಗಿಳಿಸಿದ ಸದ್ದು ಕೇಳಿಸಿತು. ಆಮೇಲೆ ಬೀದಿಗೆಲ್ಲ ಕೇಳುವಂತೆ ಚಲಪತಿ ಮಾವನ ದನಿ ಬಂತು: "ಏನಾದ್ರೂ ಅನ್ನು ಅಣ್ಣಾ, ನೀನು ಬಿದ್ದಿದ್ದು ಬಿದ್ದಿದ್ದೇ!"

"ಹಾರಿದ್ದು ಕಣೋ!" ಎಂದ ಅಪ್ಪ.