ಐದೂ ವೈರು ಹಳದಿ

ಮೇಲವಂಕಿಯ ಸುವರ್ಣಾ ಹನ್ನೆರಡು ದಿನದಿಂದ ಮನೆಯಲ್ಲೇ ಇದ್ದಳು. ಜ್ವರವಲ್ಲ, ಬಾಣಂತನವಲ್ಲ; ಅಂಗಳದಲ್ಲಿ ನಿಂತ ಮೋಟರ್‌ಸೈಕಲ್ಲಿನ ಹಿಂದಿನ ಮಡಗಾರ್ಡು ಮುರಿದಿತ್ತು, ಅಷ್ಟೇ. ಮಡಗಾರ್ಡು ಮುರಿದರೆ ಹೆಂಗಸನ್ನು ಯಾಕೆ ಮನೆಯಲ್ಲಿ ಕೂರಿಸಬೇಕು ಎಂದು ನೀವು ಕೇಳಬಹುದು. ಅವಳ ಮಾವ ಬೀರಸಿದ್ದಪ್ಪನನ್ನು ಕೇಳಿ ನೋಡಿ.

ಸುವರ್ಣಾಳದು ಮೂಡಲಗಿಯ ಒಂದು ರಕ್ತ ತಪಾಸಣೆ ಕೇಂದ್ರದಲ್ಲಿ ಕೆಲಸ. ಸಕ್ಕರೆ ಕಾಯಿಲೆಯವರು ಹಸಿದ ಹೊಟ್ಟೆಯಲ್ಲಿ ಬೆಳಿಗ್ಗೆ ಏಳಕ್ಕೇ ಬಂದು ತೋಳು ಚಾಚಿ ಕೂರುತ್ತಾರೆ. ಬಸ್ಸು ನಂಬಿದರೆ ಅವಳು ಅಲ್ಲಿ ಮುಟ್ಟುವುದು ಒಂಬತ್ತರ ಮೇಲೆ. ಅದಕ್ಕೇ ಗಂಡ ಸುನೀಲ, ಜೆಸಿಬಿ ಓಡಿಸಲು ಕೊಲ್ಲಾಪುರದ ಕಡೆ ಹೋಗುವಾಗ, ತನ್ನ ಗಾಡಿಯನ್ನು ಅವಳಿಗೆ ಬಿಟ್ಟುಹೋಗಿದ್ದ. ಎರಡು ವರ್ಷ ಓಡಿಸಿದಳು. ನರ ಸಿಗದ ಮುದುಕಿಯರು “ಆ ಗಾಡಿ ಮ್ಯಾಲೆ ಬರೋ ಅಕ್ಕನ್ನ ಕರೀರಿ” ಅನ್ನುವಷ್ಟು ಅವಳ ಕೈ ಹಗುರ. ಒಂದು ದಿನ ಕಬ್ಬಿನ ಟ್ರ್ಯಾಕ್ಟರೊಂದು ಹಿಂದಕ್ಕೆ ಸರಿಯುತ್ತ, ನಿಲ್ಲಿಸಿದ್ದ ಗಾಡಿಗೆ ತಾಗಿತು. ಮಡಗಾರ್ಡು ಸೀಳಿತು, ಹಿಂದಿನ ದೀಪ ವೈರು ಹರಿದುಕೊಂಡು ಜೋತುಬಿತ್ತು.

“ಗಾಡಿ ನೆಟ್ಟಗಾಗೋತನಕ ಮನ್ಯಾಗ ಇರು,” ಅಂದ ಬೀರಸಿದ್ದಪ್ಪ, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಳ್ಳುತ್ತ.

ಗಾಡಿಯನ್ನು ಗ್ಯಾರೇಜಿಗೆ ಮಾತ್ರ ಒಯ್ಯಲಿಲ್ಲ, ಮೆಕ್ಯಾನಿಕನನ್ನು ಕರೆಸಲೂ ಇಲ್ಲ. ಕೇಳಿದರೆ ಇವತ್ತು ಕುರಿಗೆ ಔಷಧ, ನಾಳೆ ಗೋವಿನಜೋಳಕ್ಕೆ ನೀರು. ಮುದುಕ ಕೆಟ್ಟವನೇನಲ್ಲ, ಸೊಸೆ ಕಣ್ಣೆದುರಿಗಿದ್ದರೆ ಅವನಿಗೆ ಊಟ ರುಚಿಸುತ್ತಿತ್ತು. ಅವನ ಊಟದ ರುಚಿಗೆ ಇವಳ ಉಸಿರು ಕಟ್ಟುತ್ತಿತ್ತು. ಸುನೀಲನಿಗೆ ಫೋನು ಮಾಡಿದರೆ “ಅಪ್ಪ ಹೇಳಿದಂಗ ಕೇಳು, ನಾಕ ದಿನ” ಅಂದ. ಆ ನಾಕು ದಿನ ಯಾವತ್ತು ಮುಗಿಯುತ್ತವೆಂದು ಅವನೂ ಹೇಳಲಿಲ್ಲ. ಶುಕ್ರವಾರ ಕೇಂದ್ರದ ಮಾಲೀಕ ಫೋನು ಮಾಡಿ, ಸೋಮವಾರ ಏಳಕ್ಕೆ ಬರದಿದ್ದರೆ ಬೇರೆಯವಳನ್ನು ನೋಡಿಕೊಳ್ಳುತ್ತೇನೆ ಎಂದುಬಿಟ್ಟ.

ದಾರಿ ತೆಗೆದವಳು ಅತ್ತೆ ಫಕೀರವ್ವ. ಶನಿವಾರ ಕಣ್ಣು ತೋರಿಸಲು ಗೋಕಾಕಕ್ಕೆ ಹೋದವಳು, ಸೊಸೆ ಬರೆದುಕೊಟ್ಟ ಚೀಟಿ ಹಿಡಿದು ಹೊಸ ಮಡಗಾರ್ಡು, ದೀಪ, ವೈರು ಎಲ್ಲ ಕೊಂಡು, ಬಸ್ಸಿನಲ್ಲಿ ಮೊಮ್ಮಗನನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಳು.

“ಕಣ್ಣಿಗೆ ಏನಂದ್ರು?” ಅಂದ ಬೀರಸಿದ್ದಪ್ಪ, ಮಡಗಾರ್ಡನ್ನೇ ನೋಡುತ್ತ.

“ಎಲ್ಲಾ ಚಲೋ ಕಾಣಾಕತ್ತೈತಿ ಅಂದ್ರು,” ಅಂದಳು ಫಕೀರವ್ವ.

ಭಾನುವಾರ ಮುಂಜಾನೆ ಸುವರ್ಣಾ ಸೀಟು ಎತ್ತಿದಳು. ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಬೋಲ್ಟು ಬಿಚ್ಚಿದಳು. ಮುರಿದದ್ದು ಕಳಚಿತು, ಹೊಸದು ಕೂತಿತು. ಬಣ್ಣಕ್ಕೆ ಬಣ್ಣ ನೋಡಿ ವೈರು ಜೋಡಿಸಿ ಎನ್ನುತ್ತಿದ್ದ ವಿಡಿಯೋದವನು. ಹೊಸ ವೈರಿಗೆ ಐದು ಬಣ್ಣ. ಸೀಟಿನಡಿಯಿಂದ ಬಂದ ಹಳೆಯ ಐದೂ ವೈರು ಹಳದಿ! ಆ ಮನೆಯವರು ಬೀರಪ್ಪ ದೇವರ ಒಕ್ಕಲು. ಗಾಡಿ ಬಂದಂದಿನಿಂದ ಪ್ರತಿ ಅಮಾವಾಸ್ಯೆಗೆ ಮಾವ ಸೀಟೆತ್ತಿ ದೇವರ ಭಂಡಾರವನ್ನು, ಆ ಅರಿಶಿನದ ಪುಡಿಯನ್ನು, ಒಳಗೂ ಎರಚುತ್ತಿದ್ದ. ಎಣ್ಣೆ, ಧೂಳು ಸೇರಿ ಅದು ವೈರಿನ ಮೇಲೆ ಪದರುಗಟ್ಟಿತ್ತು. ಬ್ಲೇಡು ಹಿಡಿದ ಸುವರ್ಣಾಳ ಕೈ ಮುಂದೆ ಹೋಗಲಿಲ್ಲ. ಭಂಡಾರವನ್ನು ಕೆರೆದು ಬಿಸಾಡುವುದೇ? ಹರಿದ ತುದಿಯಲ್ಲಿ ತಾಮ್ರ ಹೇಗೂ ಕಾಣುತ್ತಿತ್ತು. ಅಂದಾಜಿನ ಮೇಲೆ ಜೋಡಿಸಿದಳು.

ಬೀರಸಿದ್ದಪ್ಪ ಬಂದು ಕೀಲಿ ತಿರುವಿದ. ಎಡಕ್ಕೆ ಒತ್ತಿದರೆ ಬಲಗಡೆಯ ದೀಪ ಮಿಣುಕಿತು. ಬ್ರೇಕು ಒತ್ತಿದರೆ ಎಡಗಡೆಯದು ಹತ್ತಿತು.

“ಎಡಕ್ಕಂದ್ರ ಬಲಕ್ಕ ಹೊಂಟೈತಿ ನೋಡು! ಇದು ನಿನ್ನ ಕೈಲಾಗೋ ಕೆಲಸ ಅಲ್ಲ, ಬಿಡು.”

ನಗುತ್ತ ಕೀಲಿಯನ್ನು ಮತ್ತೆ ಉಡದಾರಕ್ಕೆ ಕಟ್ಟಿಕೊಂಡ. ಸುವರ್ಣಾಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. “ತಪ್ಪಾತೋ ಬೀರಪ್ಪಾ,” ಎಂದು ಕೈ ಮುಗಿದಳು. ಭಂಡಾರ ಕಾಲಿಗೆ ಸಿಗಬಾರದೆಂದು ಕೆಳಗೆ ಹಾಳೆ ಹಾಸಿ, ಒಂದೊಂದೇ ವೈರನ್ನು ಮೆಲ್ಲಗೆ ಕೆರೆದಳು. ಮುದುಕಿಯರ ತೋಳಿನಲ್ಲಿ ನರ ಹುಡುಕಿದ ಬೆರಳುಗಳು ಅವು. ಹಸಿರು ಕಂಡಿತು, ಕಂದು ಕಂಡಿತು, ಕಪ್ಪೂ ಕಂಡಿತು. ಹಾಳೆಯ ಮೇಲೆ ಒಂದು ಬೊಗಸೆಯಷ್ಟಲ್ಲದಿದ್ದರೂ ಎರಡು ಚಿಟಿಕೆ ಭಂಡಾರ ಉದುರಿತ್ತು.

ಈ ಸಲ ಎಡಕ್ಕೆ ಎಡ, ಬಲಕ್ಕೆ ಬಲ, ಬ್ರೇಕಿಗೆ ಕೆಂಪು. ಬೀರಸಿದ್ದಪ್ಪ ಮೂರು ಮೂರು ಸಲ ಒತ್ತಿ ನೋಡಿ, ಕೀಲಿ ತೆಗೆದುಕೊಂಡ.

“ಆತು. ಖರೆ, ರಿಪೇರಿ ಆದ ಗಾಡಿ ಭಂಡಾರ ಹಚ್ಚದ ಹೊರಗ ಒಯ್ಯಂಗಿಲ್ಲ. ಅಮಾಸಿಗೆ ಹಚ್ಚೋಣು.”

ಅಮಾವಾಸ್ಯೆಗೆ ಇನ್ನೂ ಹತ್ತು ದಿನ. ದೇವರ ಹೆಸರು ಬಂದ ಮೇಲೆ ಎದುರಾಡುವ ಮಾತು ಆ ಮನೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಹಾಗಾದರೆ ಇಷ್ಟೇ, ಈ ಅಂಗಳ, ಈ ಒಲೆ, ಎಂದುಕೊಂಡು ಸುವರ್ಣಾ ತಲೆ ತಗ್ಗಿಸಿದಳು. ಆಗ ಹಾಳೆ ಕಂಡಿತು. ಎರಡೂ ಕೈಯಲ್ಲಿ ಎತ್ತಿ ಮಾವನ ಮುಂದೆ ಹಿಡಿದಳು.

“ಇದೂ ಅಮಾಸೀ ಭಂಡಾರನ ಐತ್ರಿ ಮಾವಾರ. ನಿಮ್ಮ ಕೈಯಾಂದು.”

ಬೀರಸಿದ್ದಪ್ಪ ಹಾಳೆಯನ್ನು ನೋಡಿದ, ಸೊಸೆಯನ್ನು ನೋಡಿದ. ಭಂಡಾರ ಮುಂದೆ ಬಂದ ಮೇಲೆ ಬೇಡ ಎನ್ನುವಂತಿಲ್ಲ. ಚಿಟಿಕೆ ತೆಗೆದು ಕಣ್ಣಿಗೊತ್ತಿಕೊಂಡು ಹೊಸ ಮಡಗಾರ್ಡಿಗೆ ಹಚ್ಚಿದ, ಉಳಿದದ್ದನ್ನು ತನ್ನ ಹಣೆಗೂ ಬಳಿದುಕೊಂಡ. ಎಣ್ಣೆ ಕುಡಿದ ಭಂಡಾರ ಹಣೆಯ ಮೇಲೆ ಕಪ್ಪಗೆ ಕೂತಿತು. ಆಮೇಲೆ ಕೀಲಿಯನ್ನು ಸೀಟಿನ ಮೇಲಿಟ್ಟ. ಅವಳ ಕೈಗೆ ಕೊಡಲಿಲ್ಲ.

ಅವನಿಗೆ ಇನ್ನೊಂದು ನೆಪ ಹೊಳೆಯುವ ಮೊದಲು ಸುವರ್ಣಾ ಅದನ್ನು ಎತ್ತಿಕೊಂಡಳು.