ನಮ್ಮ ಪಾಲಿನ ಕುಲ್‌ಕುಲ್

ಅಪ್ಪ ಧಾರವಾಡದ ಕಡೆಯವನು. ಕಾಗದದ ಮಿಲ್ಲಿನ ಕೆಲಸಕ್ಕೆಂದು ದಾಂಡೇಲಿಗೆ ಬಂದು ಇಲ್ಲಿಯವನೇ ಆಗಿಬಿಟ್ಟ. ಅವ್ವ ಮಾತ್ರ ತವರಿನ ಮಡಿಯನ್ನು ಗಂಟು ಕಟ್ಟಿಕೊಂಡೇ ಬಂದಿದ್ದಳು. ಪಕ್ಕದ ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ ಆಂಟಿ ಇದ್ದರು. ಅವ್ವನಿಗೂ ಅವರಿಗೂ ಎಷ್ಟು ಮಾತೆಂದರೆ, ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತಿತ್ತು.

ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ತಾಟು ಬರುತ್ತಿತ್ತು. ನಮ್ಮ ಕರ್ಜಿಕಾಯಿಯನ್ನೇ ಹೋಲುವ ನೇವ್ರಿ, ಕಪ್ಪಗೆ ಹೊಳೆಯುವ ಬೆಲ್ಲದ ಹಲ್ವಾ ದೊದೊಲ್, ಹೊಸ ಹಣಿಗೆಯ ಹಲ್ಲಿನ ಮೇಲೆ ಹಿಟ್ಟು ಸುರುಳಿ ಸುತ್ತಿ ಕರಿದ ಕುಲ್‌ಕುಲ್. ಜೊತೆಗೊಂದು ಸಣ್ಣ ಬಾಟಲಿ ದ್ರಾಕ್ಷಿ ವೈನ್. "ತತ್ತಿ ಹಾಕಿಲ್ಲ ರೀ ಅಕ್ಕಾ," ಎಂದು ಆಂಟಿ ಪ್ರತಿ ವರ್ಷ ಹೇಳುತ್ತಿದ್ದರು. ಅವ್ವ ನಗುತ್ತ ತೆಗೆದುಕೊಳ್ಳುತ್ತಿದ್ದಳು. ಅವರು ಅತ್ತ ಹೋದದ್ದೇ ತಡ, ತಾಟು ಹಿತ್ತಲಿಗೆ, ಭಾಂಡೆ ತಿಕ್ಕುವವಳ ಸೆರಗಿಗೆ. "ಕೈ ಅವs, ಕಡಾಯಿ ಅದs. ತತ್ತಿ ಹಾಕಿಲ್ಲ ಅಂದ್ರ ಆತೇನು?" ಎನ್ನುತ್ತಿದ್ದಳು. ವೈನಿನ ಬಾಟಲಿ ಮಾತ್ರ ಹಿತ್ತಲಿಗೆ ಹೋಗುತ್ತಿರಲಿಲ್ಲ. ಅದು ಅಪ್ಪನ ಕೆಮ್ಮಿಗೆ ಔಷಧ. ಶಾಸ್ತ್ರಕ್ಕೂ ಒಂದು ಹಿಂಬಾಗಿಲು ಇರುತ್ತದೆ.

ತೊಳೆದ ತಾಟಿಗೆ ಸಕ್ಕರೆ ಹಾಕಿ ವಾಪಸ್ ಕೊಡುವ ಕೆಲಸ ನನ್ನದು. "ಅವ್ವಗ ಸೇರಿತೇನ?" ಎಂದು ಆಂಟಿ ಕೇಳಿದರೆ, "ಭಾಳ ಚಲೋ ಆಗಿದ್ವಂತ್ರಿ," ಎನ್ನುತ್ತಿದ್ದೆ. ಕದ್ದಾದರೂ ಒಂದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಹೇಡಿ ನಾನು. ಸುಳ್ಳು ಹೇಳಲು ಇದ್ದ ಧೈರ್ಯ ತಿನ್ನಲು ಇರಲಿಲ್ಲ.

ಹೋದ ಶ್ರಾವಣದಲ್ಲಿ ಆಂಟಿ ತೀರಿಕೊಂಡರು. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಾವಾದ ವರ್ಷ ಅವರಲ್ಲಿ ಹಬ್ಬದ ತಿಂಡಿ ಮಾಡುವುದಿಲ್ಲ, ಹಾಗಾಗಿ ಈ ಡಿಸೆಂಬರಿನಲ್ಲಿ ನಾವು ಏನನ್ನೂ ಎದುರು ನೋಡಿರಲಿಲ್ಲ. ಹಬ್ಬಕ್ಕೆ ನಾಲ್ಕು ದಿನವಿರುವಾಗ ಅವರ ಸೊಸೆ ಬಂದಳು. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಕಡಾಯಿ.

"ಮಾವಶಿ, ಇದು ನಿಮ್ಮನಿ ಸಲುವಾಗಿ ಇಟ್ಟಿದ್ದ ಕಡಾಯಿ," ಎಂದು ಬಟ್ಟೆ ಬಿಚ್ಚಿದಳು. "ನಿಮ್ಮ ಪಾಲಿಂದು ಬಿಟ್ಟು ಬ್ಯಾರೆ ಏನೂ ಇದರಾಗ ಕರದಿಲ್ಲ. ಅತ್ತಿ ಆ ದಿನ ಜಳಕಾ ಮಾಡಿ, ಮೊದಲ ನಿಮ್ದು ಮಾಡಿಟ್ಟು, ಆಮ್ಯಾಲೆ ಮನಿಯಾಗ ತತ್ತಿ ತರಸ್ತಿದ್ರು. ಈ ವರ್ಷ ನಮಗೇನೂ ಮಾಡೂದಿಲ್ಲ. ಆದ್ರ ನಿಮ್ಮನಿದು ತಪ್ಪಸಬ್ಯಾಡ ಅಂತ ಹೇಳಿ ಹೋಗ್ಯಾರ."

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನನಗೆ ಅವಳ ಮುಖ ನೋಡಲಾಗಲಿಲ್ಲ, ನನ್ನ ಮುಖವನ್ನು ಎಲ್ಲಿಡಬೇಕೋ ಅದೂ ತಿಳಿಯಲಿಲ್ಲ.

"ನಿನ್ನೆ ಒಂದೀಟು ಮಾಡಿ ನೋಡಿದೆ," ಎಂದು ಆ ಹುಡುಗಿ ಒಂದು ಡಬ್ಬಿ ತೆಗೆದಳು. "ತತ್ತಿ ಬದಲಿ ತೆಂಗಿನಹಾಲು ಹಾಕ್ತಿದ್ರು, ಎಷ್ಟಂತ ಗೊತ್ತಿಲ್ಲ. ನಮ್ಮನಿಯಾಗ ಇದನ್ನ ಯಾರೂ ತಿಂದಿಲ್ಲ. ಮಕ್ಕಳಿಗೂ ಮುಟ್ಟಗೊಡ್ತಿರಲಿಲ್ಲ. ರುಚಿ ಗೊತ್ತಿರೂದು ನಿಮಗಷ್ಟ. ಅತ್ತಿ ಕೈಯಾಗಿನಂಗ ಆಗೇತೇನು, ತಿಂದು ಹೇಳ್ರಿ."

ಅವ್ವ ಒಂದು ಕುಲ್‌ಕುಲ್ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. ಆ ಹುಡುಗಿ ಅವಳ ಬಾಯನ್ನೇ ನೋಡುತ್ತ ನಿಂತಿದ್ದಳು.

"ನನಗ ಗೊತ್ತಿಲ್ಲವಾ," ಎಂದಳು ಅವ್ವ. "ನಾ ಇವತ್ತs ಮೊದಲ ತಿನ್ನಾಕತ್ತೀನಿ."

ಸೊಸೆ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಕಡಾಯಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಎತ್ತಿಕೊಂಡು ಮನೆಗೆ ಹೋದಳು.