ತಂತಿ ಇಳಿಸಿದ ದಾದಾಪೀರಣ್ಣ

ದಾದಾಪೀರಣ್ಣ ಯಾವ ಸದ್ದನ್ನೂ ಸುಮ್ಮನೆ ಹೋಗಲು ಬಿಡುತ್ತಿರಲಿಲ್ಲ. ದಾವಣಗೆರೆಯಲ್ಲಿ ಮನೆಗೆ ಹೊಂದಿಕೊಂಡೇ ಇದ್ದ ಅವನ ಗಾದಿ ಅಂಗಡಿಯ ಮುಂದೆ ಆಟೋ ಹಾರ್ನ್ ಹೊಡೆದರೆ ಕತ್ತು ಓರೆ ಮಾಡಿ ಅದೇ ಸ್ವರವನ್ನು ಗಂಟಲಲ್ಲಿ ಹಿಡಿದು ನೋಡುತ್ತಿದ್ದ. ಲೋಟ ಕೆಳಗೆ ಬಿದ್ದರೆ ಎತ್ತುವ ಮೊದಲು "ನಿಷಾದ" ಎಂದು ಅದರ ಸ್ವರ ಹೇಳುತ್ತಿದ್ದ. ಅವನದು ಅರಳೆ ಹಿಂಜುವ ಪಿಂಜಾರರ ಮನೆತನ. ಅಪ್ಪ ಒಂಟಿ ತಂತಿಯ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಹಳ್ಳಿ ಹಳ್ಳಿ ತಿರುಗಿದವರು.

"ನಮ್ಮಪ್ಪ ಆನಗೋಡಿಗೆ ಹೋದ್ರೆ ಬಿಲ್ಲಿನ ಸದ್ದು ಕೇಳೇ ಜನ ಹಳೇ ಗಾದಿ ಹೊರಗ ತರೋರು. ನಾನು ಹುಟ್ಟಿದಾಗಿಂದ ಕೇಳಿದ್ದು ಅದೊಂದೇ ತಂತಿ. ಗಿಟಾರಿಗೆ ಆರು ನೋಡಿ, ಇಷ್ಟೊಂದು ಯಾಕ ಬೇಕು ಅನ್ನಿಸ್ತು ತಂಗೆಮ್ಮ," ಎಂದು ನನಗೆ ಹೇಳುತ್ತಿದ್ದ; ನನ್ನನ್ನು ಕರೆಯುತ್ತಿದ್ದುದೇ ಹಾಗೆ.

ಊರಿನ ಆರ್ಕೆಸ್ಟ್ರಾದಲ್ಲಿ ಅವನು ಗಿಟಾರ್ ನುಡಿಸುತ್ತಿದ್ದ, ನಾನು ಹಾಡುತ್ತಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಹರಿಹರದ ಮನೆ ಬಾಗಿಲವರೆಗೆ ಬಿಟ್ಟು ಹೋಗುವ ಜವಾಬ್ದಾರಿ ಅವನದೇ. ದಾದಾಪೀರ್ ಇದ್ದಾನೆಂದರೆ ಮಾತ್ರ ಅಪ್ಪ ನನ್ನನ್ನು ಕಳಿಸುತ್ತಿದ್ದರು. ಬರಬರುತ್ತಾ ಆರ್ಕೆಸ್ಟ್ರಾ ಕೇಳುವವರಿಲ್ಲದೆ ಮುಚ್ಚಿತು. ನಾನು ಶಾಲೆಯೊಂದರ ಆಫೀಸು ಸೇರಿದೆ, ಹಾಡು ಅಲ್ಲಿಗೇ ನಿಂತಿತು. ಅವನು ಅಂಗಡಿಗೆ ಹಿಂಜುವ ಮಷೀನ್ ತಂದ. ಒಂದು ಮಧ್ಯಾಹ್ನ ಅದರಲ್ಲಿ ಸಿಕ್ಕಿಕೊಂಡ ಬಟ್ಟೆಯನ್ನು ಬಿಡಿಸಲು ಹೋಗಿ ಎಡಗೈಯ ನಡುವಿನ ಮೂರೂ ಬೆರಳು ಕಳೆದುಕೊಂಡ. ಹೆಬ್ಬೆರಳು, ಕಿರುಬೆರಳು ಉಳಿದವು.

ನಾನು ಆಸ್ಪತ್ರೆಗೆ ನೋಡಲು ಹೋದೆ. ಅವನೇ ಅಂದ: "ನೋವು ಇವತ್ತಲ್ಲ ನಾಳೆ ಹೋಗ್ತೈತೆ. ಈ ಕಿವಿ ಯಾಕ ಉಳೀತು ಅಂತ ಗೊತ್ತಾಗ್ತಿಲ್ಲ."

ಅವನ ಹೆಂಡತಿ ಫಾತಿಮಕ್ಕ ಗಿಟಾರನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಆಮೇಲೆ ಆ ಮನೆಯಲ್ಲಿ ಸಂಗೀತದ ಮಾತೇ ಬರಲಿಲ್ಲ. ಯಾವುದಾದರೂ ಮದುವೆಯಲ್ಲಿ ಹಾಡು ಶುರುವಾದರೆ ದಾದಾಪೀರಣ್ಣ ಊಟ ಬಿಟ್ಟು ಎದ್ದು ಬರುತ್ತಿದ್ದ.

ವರ್ಷಗಳು ಕಳೆದವು. ಒಂದು ದಿನ ನನ್ನ ಮೊಬೈಲಿನಲ್ಲಿ ಎಲ್ಲಿಂದಲೋ ಒಂದು ಹಳೆಯ ಹಾಡು ಬಂತು. ಅಮೆರಿಕದ ಹಳ್ಳಿಗಾಡಿನ ಕಪ್ಪು ಗಾಯಕನದು. ಬ್ಲೂಸ್ ಅನ್ನುತ್ತಾರಂತೆ. ಒಂದು ಗಂಟಲು, ಒಂದು ಗಿಟಾರ್, ಕಾದ ಹಂಚಿನ ಮೇಲೆ ಎಣ್ಣೆ ಸಿಡಿದಂತೆ ರೆಕಾರ್ಡಿನ ಚಟಪಟ. ಗಿಟಾರಿನ ಸ್ವರ ಮೆಟ್ಟಿಲು ಹತ್ತುತ್ತಿರಲಿಲ್ಲ, ಜಾರುತ್ತಿತ್ತು. ಇದನ್ನು ಅವನಿಗೆ ಕೇಳಿಸುವುದು ಗಾಯ ಕೆರೆದಂತಾದೀತೇ ಎಂದು ಹಿಂದೆ ಮುಂದೆ ನೋಡಿದೆ. ಕೊನೆಗೆ ಒಯ್ದೆ.

ಅವನು ಅರಳೆ ರಾಶಿಯ ಪಕ್ಕ ಕೂತು ಪೂರ್ತಿ ಕೇಳಿ, ಮೊಬೈಲ್ ವಾಪಸ್ ಕೊಟ್ಟ. ನಾನು ಎದ್ದು ನಿಂತಾಗ, "ಕೂಡು. ಇನ್ನೊಂದ್ಸಲ ಹಾಕು," ಅಂದ. ಆಮೇಲೆ ಹೇಳಿದ:

"ಇಂವ ಬೆರಳು ಒತ್ತಿಲ್ಲ. ಕಿರುಬೆರಳಿಗೆ ಏನೋ ಹಾಕ್ಕಂಡು ಜಾರಿಸ್ಯಾನೆ, ಗಾಜೋ ಕಬ್ಬಿಣನೋ. ನಮ್ಮ ಮಾಮೂಲಿ ಶ್ರುತಿಯಾಗ ಎಲ್ಲಾ ತಂತಿ ಮ್ಯಾಲೆ ಹಂಗೆ ಜಾರಿಸಿದ್ರೆ ಅಪಸ್ವರ ಬರ್ತೈತೆ. ತಂತೀನೇ ಬ್ಯಾರೆ ಥರ ಇಳಿಸ್ಯಾನೆ."

"ಹೆಂಗೆ ಇಳಿಸಿರಬೋದು?"

"ಅದನ್ನೇ ಹುಡುಕಬೇಕು."

ಗಿಟಾರ್ ಅಟ್ಟದಿಂದ ಇಳಿದ ದಿನ ಫಾತಿಮಕ್ಕ ಅತ್ತುಬಿಟ್ಟಳು. "ಆ ಕೈ ಅದರ ಮ್ಯಾಲೆ ಇಟ್ಟು ಮತ್ತೆ ಸಂಕಟ ಪಡಬೇಕೇನ್ರಿ? ನನ್ನ ಕೈಲಿ ನೋಡಾಕಾಗಲ್ಲ," ಅಂದವಳೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಗಾದಿ ಚೀಲ ಹೊಲಿಯುತ್ತಾ ಕೂತಳು. ಮುಂದೆ ಗಿಟಾರ್ ಸದ್ದು ಬಂದಾಗಲೆಲ್ಲ ಆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಹರಿಹರದ ಲೇತ್ ಅಂಗಡಿಯಲ್ಲಿ ಅವನ ಕಿರುಬೆರಳಿನ ಅಳತೆಗೆ ಹಿತ್ತಾಳೆ ಕೊಳವೆ ಕತ್ತರಿಸಿಕೊಂಡು ಬಂದೆ. ಭಾನುವಾರಗಳು ಹಾಗೆ ಶುರುವಾದವು. ಮೊದಲ ವಾರ ನಾನು ಹಾರ್ಮೋನಿಯಂ ಹೊತ್ತು ತಂದೆ. ಹಾಡಿನ ಷಡ್ಜ, ಅಂದರೆ ಸಾ, ಅದರ ಎರಡು ಕೀಗಳ ನಡುವೆ ಎಲ್ಲೋ ನಿಂತಿತ್ತು.

"ಆ ಪೆಟ್ಟಿಗೆ ಮುಚ್ಚು," ಅಂದ. "ಹಳೇ ರೆಕಾರ್ಡು, ಎಷ್ಟು ಜೋರು ತಿರುಗ್ಸಿದ್ರೋ ಯಾರಿಗ್ಗೊತ್ತು. ಅವನ ಸಾ ಎಲ್ಲೈತೋ ಅಲ್ಲೇ ನಮ್ಮ ಸಾ."

ಅವನ ಹುಡುಕಾಟದ ದಾರಿ ಒಂದೇ. "ಒತ್ತಿದ ತಂತಿ ಬೇಗ ಸಾಯ್ತೈತೆ, ಬಿಟ್ಟ ತಂತಿ ಉಸಿರು ಹಿಡಿದಿರ್ತೈತೆ" ಎಂದು ಹೇಳಿ, ಹಾಡಿನಲ್ಲಿ ಉಸಿರು ಹಿಡಿದ ಸ್ವರಗಳನ್ನಷ್ಟೇ ಹೆಕ್ಕುತ್ತಿದ್ದ. ಹೆಕ್ಕಿದ ಸ್ವರಕ್ಕೆ ಒಂದೊಂದೇ ತಂತಿಯನ್ನು ಬಿರಡೆ ತಿರುವಿ ಇಳಿಸುತ್ತಿದ್ದ. ತಂತಿ ಕಿತ್ತು ಮುಖಕ್ಕೆ ಬಡಿದದ್ದೂ ಉಂಟು. ಕೊನೆಗೆ ಸಿಕ್ಕಿತು. ದಪ್ಪ ತಂತಿಯಿಂದ ಶುರುಮಾಡಿ ಸ, ಪ, ಸ, ಗ, ಪ, ಸ. ಬಲಗೈಯಿಂದ ಆರೂ ತಂತಿಗಳನ್ನು ಒಮ್ಮೆಲೇ ಮೀಟಿದ. ಎಡಗೈ ತೊಡೆಯ ಮೇಲೇ ಇತ್ತು. ಇಡೀ ಅಂಗಡಿ ನಾದದಿಂದ ತುಂಬಿಹೋಯಿತು. ಅವನು ಆ ಎಡಗೈಯನ್ನೇ ಬಹಳ ಹೊತ್ತು ನೋಡುತ್ತಾ ಕೂತ. ನಾನು ಬೀದಿಯ ಕಡೆ ತಿರುಗಿಕೊಂಡೆ.

ಮುಂದೆ ಬೇರೆ ಗಾಯಕರ ಶ್ರುತಿಗಳೂ ಒಂದೊಂದಾಗಿ ಬಿಡಿಸಿಕೊಂಡವು. ಒಂದು ಮಾತ್ರ ಸತಾಯಿಸಿತು. ಸಣ್ಣ ದನಿಯಲ್ಲಿ, ಯಾರೂ ಇಲ್ಲದ ಕಡೆ ಹಾಡಿದಂತಿದ್ದ ಹಾಡು. ಯಾವ ಜೋಡಣೆಗೂ ಕೂಡುತ್ತಿರಲಿಲ್ಲ. ಎರಡು ಗಿಟಾರ್ ಇರಬೇಕು ಅಂದೆ ನಾನು. "ಇಲ್ಲ. ಇಬ್ರು ಹಿಂಗೆ ಒಂದೇ ಕಡೆ ತಡವರಿಸಲ್ಲ," ಅಂದ. ಮಳೆಗಾಲ ಪೂರ್ತಿ ಅದರ ಹಿಂದೆ ಬಿದ್ದ. ಗಿರಾಕಿಗಳು ಗಾದಿ ಯಾವಾಗ ಅಂತ ಕೇಳಿದರೆ ಹೂಂ ಅನ್ನುತ್ತಿದ್ದ, ಅಷ್ಟೇ.

ಒಂದು ಶನಿವಾರ ಆಫೀಸಿಗೇ ಫೋನು ಬಂತು. "ಗ ಇಳಿಸ್ಯಾನೆ ತಂಗೆಮ್ಮ! ಕೋಮಲ! ಸಣ್ಣ ತಂತಿಯಿಂದ ಮೂರನೇದು! ನಾಳೆ ಬಾ."

ಮರುದಿನ ನುಡಿಸಿದ. ಅಷ್ಟು ಒಂಟಿಯಾದ ಸದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ನಡುವೆ ನಿಲ್ಲಿಸದೆಯೇ, "ಹಾಡು," ಅಂದ.

"ನಂಗೆಲ್ಲಿ ಬರ್ತೈತೆ ಅಣ್ಣ ಆ ಭಾಷೆ? ದನಿಯೂ ಹೋಗೈತೆ."

"ಮಾತು ಬ್ಯಾಡ. ಇರೋ ದನಿ ಕೊಡು."

ಕೊಟ್ಟೆ. ಮೇಲೆ ಹೋಗುವಾಗ ಗಂಟಲು ಒಡೆಯಿತು. ಅವನು ಮುಂದೆ ಹೋಗಲಿಲ್ಲ. ದಪ್ಪ ತಂತಿಯನ್ನೊಂದೇ ಮೀಟುತ್ತಾ ನಾನು ಮತ್ತೆ ದನಿ ಕೂಡಿಸಿಕೊಳ್ಳುವವರೆಗೂ ಕಾದ. ಹೊರಡುವಾಗ, "ಬರೋ ವಾರ ಬೆಳಿಗ್ಗೇನೇ ಬಾ," ಅಂದ.

ಆ ವಾರದ ನಡುವೆಯೇ ಹೃದಯಾಘಾತವಾಗಿ ಹೋಗಿಬಿಟ್ಟ.

ದುಃಖದ ದಿನಗಳು ಕಳೆದ ಮೇಲೆ ಮನೆಗೆ ಹೋದೆ. ಫಾತಿಮಕ್ಕ ಚಹಾ ಕೊಟ್ಟು, ಗಿಟಾರ್ ತಂದು ನನ್ನ ಮಡಿಲಲ್ಲಿಟ್ಟಳು. ಮಾತಾಡಿಸಲು ಬಂದ ನೆಂಟರೊಬ್ಬರು, ತಂತಿ ಸಡಿಲಾಗಿವೆಯೆಂದು ಒಳ್ಳೆಯ ಮನಸ್ಸಿನಿಂದಲೇ, ಎಲ್ಲವನ್ನೂ ಮಾಮೂಲಿ ಶ್ರುತಿಗೆ ಏರಿಸಿ ಹೋಗಿದ್ದರಂತೆ.

"ಇದು ಅವ್ರ ಸದ್ದಲ್ಲ," ಅಂದಳು. "ಅವ್ರು ಹೆಂಗೆ ಬಿಟ್ಟು ಹೋಗಿದ್ರೋ ಹಂಗೆ ಮಾಡಿಕೊಡು ಸುಮಾ."

ಅವನು ಕೊನೆಗೆ ನುಡಿಸಿದ ಹಾಡಿನ ಶ್ರುತಿಗೆ ಒಂದೊಂದಾಗಿ ಇಳಿಸುತ್ತಾ ಬಂದೆ. ಮೂರನೇ ತಂತಿಯನ್ನು ಕೊನೆಗೆ ಉಳಿಸಿಕೊಂಡು, ಬಿರಡೆ ತಿರುವಿ, ಮೀಟಿ, ಸರಿಯಾಯಿತೆಂದು ಕೈ ತೆಗೆದೆ. ಫಾತಿಮಕ್ಕ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಿದ್ದಳು.

"ಇನ್ನಾ ಚೂರು ಕೆಳಗ," ಅಂದಳು.

ಕೂದಲೆಳೆಯಷ್ಟು ಇಳಿಸಿ ಮತ್ತೆ ಮೀಟಿದೆ.

"ಹೂಂ. ಅಲ್ಲೇ ಬಿಡು."